ಇರುವೆಯಿಲ್ಲದ ಮಣ್ಣು

ಹೊರಡುವ ಮುನ್ನ, ರಾಮಮೂರ್ತಿ ನಗರ

ಸೇಶೆಲ್ಸ್‌ಗೆ ಹೋಗುತ್ತಿದ್ದೇನೆ ಎಂದಾಗ ಪಕ್ಕದ ಮನೆಯಾಕೆ ಕೇಳಿದ ಮೊದಲ ಪ್ರಶ್ನೆ, "ಹನಿಮೂನಾ?" ನನಗೆ ಐವತ್ತೆರಡು. ಗಂಡ ಬರುತ್ತಿರಲಿಲ್ಲ. "ಇಲ್ಲ ಕಣ್ರೀ, ಮಣ್ಣು ತರೋಕೆ" ಎಂದೆ. ಎರಡರಲ್ಲಿ ಆಕೆಗೆ ಹನಿಮೂನೇ ಹೆಚ್ಚು ನಂಬುವಂತೆ ಕಂಡಿತು.

ವಿಷಯ ಇಷ್ಟು. ನಾನು ಕಂಟೋನ್ಮೆಂಟ್ ಕಡೆಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಸಹಾಯಕಿ. ಬ್ಯಾಕ್ಟೀರಿಯಾ ಬೆಳೆಸುವುದು ನಮ್ಮ ಕೆಲಸ. ಅಂಗೈಯಗಲದ, ಮುಚ್ಚಳವಿರುವ ಪ್ಲೇಟಿಗೆ ಬಿಸಿ ಅಗರ್ ಸುರಿದು ಆರಲು ಬಿಡುತ್ತೇವೆ. ಚೈನಾಗ್ರಾಸ್ ಹಲ್ವಾ ಮಾಡುವವರಿಗೆ ಗೊತ್ತಿರುವ ಅದೇ ಅಗರ್. ಅದರ ಮೇಲೆ ಮಣ್ಣು ಕಲಸಿದ ನೀರನ್ನು ಒಂದು ಹನಿ ಸವರಿದರೆ ಎರಡು ದಿನದಲ್ಲಿ ಚುಕ್ಕಿ ಚುಕ್ಕಿಯಾಗಿ ಬ್ಯಾಕ್ಟೀರಿಯಾ ಏಳುತ್ತದೆ. ಎಣಿಸುತ್ತೇವೆ, ಬರೆದುಕೊಳ್ಳುತ್ತೇವೆ, ತೊಳೆಯುತ್ತೇವೆ. ತೊಳೆಯುವುದೇ ಜಾಸ್ತಿ.

ಫರ್ಹಾನಾ ಶಿವಾಜಿನಗರದ ಹುಡುಗಿ. ನನ್ನ ಲ್ಯಾಬಿನಲ್ಲೇ ಕೈ ಪಳಗಿಸಿಕೊಂಡವಳು, ಈಗ ಪಿಎಚ್‌ಡಿ ಮಾಡುತ್ತಿದ್ದಾಳೆ. ಹೊರಗಿನಿಂದ ಬಂದು ನುಗ್ಗಿದ ಇರುವೆಗಳು ಒಂದು ಕಾಡಿನ ಮಣ್ಣಿನೊಳಗಿನ ಬ್ಯಾಕ್ಟೀರಿಯಾಗಳನ್ನು ಏನು ಮಾಡುತ್ತವೆ ಎನ್ನುವುದು ಅವಳ ವಿಷಯ. ಇರುವೆ ನುಗ್ಗಿದ ಜಾಗದ ಮಣ್ಣು ಒಂದಿಷ್ಟು, ನುಗ್ಗದ ಜಾಗದ ಮಣ್ಣು ಒಂದಿಷ್ಟು ತಂದು ಹೋಲಿಸಬೇಕು. ಜೊತೆಗೆ ಹೋಗಬೇಕಿದ್ದ ಸಹಪಾಠಿ ಹೊರಡಲು ಹತ್ತು ದಿನವಿರುವಾಗ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ.

"ಮೇಡಂ, ನೀವೇ ಬಂದ್ಬಿಡಿ" ಎಂದಳು ಫರ್ಹಾನಾ. "ನಿಮ್ಮಷ್ಟು ಕ್ಲೀನಾಗಿ ಪ್ಲೇಟ್ ಹಾಕೋರು ಇಡೀ ಬೆಂಗಳೂರಲ್ಲಿ ಇಲ್ಲ."

"ನನಗೆ ಬಸ್ಸಲ್ಲಿ ಕೆ.ಆರ್. ಪುರಂ ಸೇತುವೆ ದಾಟೋಷ್ಟರಲ್ಲೇ ತಲೆ ಸುತ್ತುತ್ತೆ ಕಣಮ್ಮ. ಸಮುದ್ರ ಹೆಂಗೆ ದಾಟ್ಲಿ?"

"ಪರ್ಮಿಷನ್ ಒಂದೇ ಸಲ ಕೊಟ್ಟಿರೋದು ಮೇಡಂ. ಈ ಸಲ ಮಣ್ಣು ತರಲಿಲ್ಲ ಅಂದ್ರೆ ನನ್ನ ಮೂರು ವರ್ಷ ಹೋಯ್ತು."

ಹೀಗೆ ಕೇಳಿದರೆ ಇಲ್ಲ ಎನ್ನುವುದು ಹೇಗೆ? ಪಾಸ್‌ಪೋರ್ಟನ್ನು ನಾಲ್ಕು ಕಡೆ ಬಚ್ಚಿಟ್ಟು, ನಾಲ್ಕೂ ಕಡೆ ಮರೆತು, ಐದನೆಯ ಕಡೆ ಹುಡುಕಿ ತೆಗೆದೆ. ಸಾರಿನ ಪುಡಿ, ಅವಲಕ್ಕಿ, ಉಪ್ಪಿನಕಾಯಿ, ಅರಿಶಿನ, ಮೂರು ಬಗೆಯ ಹೊಟ್ಟೆನೋವಿನ ಮಾತ್ರೆ ತುಂಬಿಕೊಂಡೆ. ಗಂಡ ನೋಡುತ್ತ ನಿಂತು, "ಅಲ್ಲೂ ಮನುಷ್ಯರೇ ಇರೋದು ಕಣೇ, ದಿನಾ ಊಟ ಮಾಡ್ತಾರಂತೆ" ಎಂದರು.

ಮಾಹೆ, ಮತ್ತು ದೋಣಿ

ವಿಮಾನ ಇಳಿಯುವ ದೊಡ್ಡ ದ್ವೀಪದ ಹೆಸರು ಮಾಹೆ. ಅಲ್ಲಿ ಒಬ್ಬ ಕಸ್ಟಮ್ಸ್ ಅಧಿಕಾರಿ ನಮ್ಮ ಡಬ್ಬ ತೆರೆಸಿ, ಅಗರ್ ಹಾಕಿದ ಪ್ಲೇಟುಗಳ ಸಾಲನ್ನು ನೋಡಿ, ತಿನ್ನುವುದೇ ಎಂದು ಕೇಳಿದ. "ನಾವಲ್ಲ, ಬ್ಯಾಕ್ಟೀರಿಯಾ ತಿನ್ನುತ್ತೆ" ಎಂದೆ. ಸತ್ಯ ಹೇಳಿದರೆ ಇಷ್ಟು ತೊಂದರೆಯಾಗುತ್ತದೆ ಎಂದು ಗೊತ್ತಿರಲಿಲ್ಲ. ಫರ್ಹಾನಾ ಎರಡೂ ದೇಶದ ಅನುಮತಿ ಪತ್ರಗಳನ್ನು ಬಿಡಿಸಿ ಬಿಡಿಸಿ ತೋರಿಸಿದಳು. ನನ್ನ ಸಾರಿನ ಪುಡಿಯನ್ನು ಅಧಿಕಾರಿ ಮೂಸಿ, ಮೂರು ಸಲ ಸೀನಿ, ಹೋಗಿ ಎಂದು ಕೈ ಬೀಸಿದ.

ಅಲ್ಲಿಂದ ಪ್ರಾಸ್ಲಿನ್ ಎಂಬ ಸಣ್ಣ ದ್ವೀಪಕ್ಕೆ ದೋಣಿ. ಸಮುದ್ರದ ಬಣ್ಣದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ನೋಡಿದ್ದು ಕಾಗದದ ಚೀಲದ ಒಳಬದಿ ಮಾತ್ರ. ಪಕ್ಕದ ಸೀಟಿನ ಅಪರಿಚಿತ ಹೆಂಗಸು ಒಂದು ಮಾತೂ ಆಡದೆ ನನ್ನ ಬೆನ್ನು ನೀವುತ್ತಿದ್ದಳು. ನಡುವೆ ತನ್ನ ಚೀಲದಿಂದ ಬಾಳೆಹಣ್ಣು ತೆಗೆದು ತಾನೇ ತಿಂದಳು, ಮತ್ತೆ ನೀವಿದಳು. ದಡ ಬಂದ ಮೇಲೆ ಥ್ಯಾಂಕ್ಸ್ ಹೇಳಲು ತಿರುಗಿದರೆ ಅವಳು ಇಳಿದು ಹೋಗಿಯಾಗಿತ್ತು.

ಅಂತೊನೆಟ್ಟಳ ಮನೆ

ನಾವು ಇಳಿದುಕೊಂಡದ್ದು ಅಂತೊನೆಟ್ ಎಂಬಾಕೆಯ ಮನೆಯ ಹಿಂಭಾಗದಲ್ಲಿ. ಎರಡು ಕೋಣೆ, ಒಂದು ಜಗಲಿ, ಜಗಲಿಯಲ್ಲಿ ಉದ್ದನೆಯ ಮರದ ಮೇಜು. ಆಕೆಗೂ ನನ್ನದೇ ವಯಸ್ಸು, ಆದರೆ ಚಿಂತೆ ಮಾಡುವ ಅಭ್ಯಾಸ ಇಲ್ಲ. ಹಾಗಾಗಿ ನನಗಿಂತ ಹತ್ತು ವರ್ಷ ಚಿಕ್ಕವಳಂತೆ ಕಾಣುತ್ತಿದ್ದಳು.

ಮೊದಲ ದಿನವೇ ಅವಳಿಂದ ಬೈಸಿಕೊಂಡೆ. ಬೀದಿ ಕೊನೆಯ ಅಂಗಡಿಗೆ ಹೋಗಿ "ಹಾಲು ಇದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ್ದೆ. ಅಂಗಡಿಯವ ಉತ್ತರಿಸಲಿಲ್ಲ. ಜೋರಾಗಿ ಕೇಳಿದೆ. ಗೋಡೆ ನೋಡಿದ. ಕಿವುಡನಿರಬೇಕೆಂದು ಕೈಸನ್ನೆಯಲ್ಲಿ ಹಸುವಿನ ಹಾಲು ಕರೆಯುವುದನ್ನೂ ಅಭಿನಯಿಸಿದೆ. ಆಮೇಲೆ ಅಂತೊನೆಟ್ ಹೇಳಿದಳು: ಮೊದಲು "ಬೊಂಝೂರ್" ಎನ್ನಬೇಕು, ಹೇಗಿದ್ದೀರಿ ಎನ್ನಬೇಕು, ಅವನು ಚೆನ್ನಾಗಿದ್ದೇನೆ ಎನ್ನಬೇಕು. ಆಮೇಲೆ ಹಾಲು. ಶಿವಾಜಿನಗರದ ಅಂಗಡಿಯಲ್ಲಿ ಹೀಗೆ ಕ್ಷೇಮಸಮಾಚಾರ ಕೇಳುತ್ತ ನಿಂತರೆ ಹಿಂದಿನವರು ತಲೆಯ ಮೇಲಿಂದ ಕೈ ಚಾಚಿ ಸಾಮಾನು ಕೊಂಡು ಹೋಗಿರುತ್ತಾರೆ.

ಇರುವೆ ಇರುವ ಕಾಡು

ಕಾಡಿಗೆ ಕರೆದೊಯ್ಯಲು ಮಾರ್ಸೆಲ್ ಎಂಬ ಅರಣ್ಯ ಕಾವಲುಗಾರ ಬಂದ. ಅರವತ್ತರ ಹತ್ತಿರದವನು, ನಿಧಾನಿ. ಅವನ ಜೀಪು ಅವನಿಗಿಂತ ನಿಧಾನ.

ಬೆಟ್ಟದ ಕೆಳಭಾಗದಲ್ಲಿ ತಾಳೆಮರಗಳ ಕಾಡು. ಮಾರ್ಸೆಲ್ ಒಂದು ಕೊಳೆತ ಮಟ್ಟೆಯನ್ನು ಕಾಲಿನಿಂದ ಸರಿಸಿದ. ನೆಲ ಕುದಿಯಿತು. ಉದ್ದ ಕಾಲಿನ, ಹಳದಿ ಮೈಯ ಇರುವೆಗಳು ದಿಕ್ಕು ತಪ್ಪಿದಂತೆ ಓಡಾಡತೊಡಗಿದವು. ಇಂಗ್ಲಿಷಿನಲ್ಲಿ ಅವಕ್ಕೆ ಹುಚ್ಚಿರುವೆ ಎಂದೇ ಹೆಸರು.

ನಾನು ಬಗ್ಗಿ ನೋಡಿದೆ. ಇನ್ನೊಮ್ಮೆ ನೋಡಿದೆ. "ಫರ್ಹಾ, ಇದು ನಮ್ಮನೆ ಕಾಂಪೌಂಡ್ ಗೋಡೆ ಮೇಲೆ ಓಡಾಡೋ ಇರುವೆ ಅಲ್ವೇನೇ?"

"ಅದೇ ಮೇಡಂ. ನಮ್ಮಲ್ಲೂ ಇದೆ."

"ಇದನ್ನ ನೋಡೋಕೆ ವಾಂತಿ ಮಾಡ್ಕೊಂಡು ಇಷ್ಟು ದೂರ ಬಂದ್ನಾ?"

ಮಾರ್ಸೆಲ್‌ನನ್ನು ಕೇಳಿದರೆ ಅದು ಮಾಲ್ದೀವ್ ಇರುವೆಯಂತೆ. ಈ ದ್ವೀಪದವರೆಲ್ಲ ಹಾಗೇ ಕರೆಯುವುದು. ಮಾಲ್ದೀವಿನವರು ಏನೆಂದು ಕರೆಯುತ್ತಾರೋ. ಬೆಂಗಳೂರು ಇರುವೆ ಎನ್ನದಿದ್ದರೆ ಸಾಕು ಎಂದು ಸುಮ್ಮನಾದೆ. ಅದರ ನಿಜವಾದ ತವರು ಯಾವುದೆಂದು ಯಾರಿಗೂ ಖಚಿತವಿಲ್ಲ ಎಂದಳು ಫರ್ಹಾನಾ. ಆಫ್ರಿಕಾ ಅನ್ನುವವರಿದ್ದಾರೆ, ಏಷ್ಯಾ ಅನ್ನುವವರಿದ್ದಾರೆ. ಹಡಗು ಹತ್ತಿ ಲೋಕವೆಲ್ಲ ಸುತ್ತಿದ ಮೇಲೆ ಊರು ಯಾವುದೆಂದು ಕೇಳಿದರೆ ಇರುವೆ ತಾನೇ ಏನು ಹೇಳೀತು?

ಆದರೆ ನಮ್ಮ ಗೋಡೆಯ ಮೇಲೆ ಸಾಧುವಾಗಿ ಹೋಗುವ ಇದು ಇಲ್ಲಿ ಮಾಡಿದ್ದೇ ಬೇರೆ. ಎಲೆಗಳನ್ನು ಮುಟ್ಟಿದರೆ ಬೆಲ್ಲದ ಪಾಕದಂತೆ ಅಂಟು. ರಸ ಹೀರುವ ಹಿಟ್ಟುತಿಗಣೆಗಳನ್ನು ಇರುವೆಗಳು ಹಸು ಸಾಕಿದಂತೆ ಸಾಕಿ ಸಿಹಿ ಕುಡಿಯುತ್ತವೆ. ಉಳಿದ ಸಿಹಿ ಸೋರಿ, ಎಲೆಯ ಮೇಲೆ ಕಪ್ಪು ಬೂಷ್ಟು ಕಟ್ಟಿತ್ತು. ಉದುರೆಲೆ ತಿಂದು ಮಣ್ಣು ಮಾಡುತ್ತಿದ್ದ ಹುಳುಹುಪ್ಪಟೆಗಳು ಕಾಣಲಿಲ್ಲ. ಹಕ್ಕಿಯ ಸದ್ದೂ ಇರಲಿಲ್ಲ. ನಮ್ಮ ಮೂವರ ಏದುಸಿರು ಕೇಳುತ್ತಿತ್ತು, ಅದರಲ್ಲೂ ನನ್ನದು.

"ಮೇಲೆ ಇಷ್ಟೆಲ್ಲ ಬದಲಾದ್ರೆ ಕೆಳಗೆ ಮಣ್ಣಲ್ಲಿರೋ ಬ್ಯಾಕ್ಟೀರಿಯಾ ಮೊದಲಿನ ಥರಾನೇ ಇರ್ತಾವಾ?" ಎಂದಳು ಫರ್ಹಾನಾ, ಕೊಳವೆಯನ್ನು ನೆಲಕ್ಕೆ ತಿರುವಿ ಮಣ್ಣು ತೆಗೆಯುತ್ತ. "ಅಷ್ಟೇ ಮೇಡಂ ನನ್ನ ಥೀಸಿಸ್. ಒಂದು ಲೈನು."

ನಾಲ್ಕು ಕಡೆ ಮಣ್ಣು ತೆಗೆದೆವು. ನನ್ನ ಸೀರೆಯೊಳಗೆ ಐದಾರು ಇರುವೆ ಹತ್ತಿದ್ದವು. ಅವು ಕಚ್ಚುವುದಿಲ್ಲ, ಉರಿಯುವ ದ್ರವ ಎರಚುತ್ತವೆ ಎಂದು ಮಾರ್ಸೆಲ್ ಸಮಾಧಾನ ಹೇಳಿದ. ವ್ಯತ್ಯಾಸ ನನಗೆ ತಿಳಿಯಲಿಲ್ಲ.

ಇರುವೆ ಇಲ್ಲದ ಕಾಡು

ಮರುದಿನ ಬೆಟ್ಟದ ಆಚೆ ಮಗ್ಗುಲಿಗೆ ಹೋದೆವು. ಅಲ್ಲಿಗೆ ಇರುವೆ ಇನ್ನೂ ಬಂದಿಲ್ಲ. ಒಳಗೆ ಹೋಗುವ ಮುಂಚೆ ಮಾರ್ಸೆಲ್ ನಮ್ಮ ಬೂಟುಗಳನ್ನು ಬ್ರಷ್‌ನಿಂದ ಉಜ್ಜಿದ. ಚೀಲ ಮಗುಚಿ ಕೊಡವಿದ. ನನ್ನ ಊಟದ ಡಬ್ಬ ತೆರೆದು, ಅವಲಕ್ಕಿಯಲ್ಲಿದ್ದ ಒಂದು ಸಾಸಿವೆಯನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು ಪರೀಕ್ಷಿಸಿದ. ದೇವಸ್ಥಾನಕ್ಕೆ ಹೋಗುವಾಗಲೂ ನಾನು ಇಷ್ಟು ಶುದ್ಧವಾಗಿ ಹೋದದ್ದಿಲ್ಲ.

ಒಳಗೆ ಬೇರೆಯೇ ಲೋಕ. ಎಲ್ಲೆಲ್ಲೂ ಚಿಲಿಪಿಲಿ, ಸರಸರ, ಪಟಪಟ. ಒಂದು ಹಲ್ಲಿ ನನ್ನ ಭುಜದ ಮೇಲೆ ಬಿದ್ದು, ನಾನು ಕೂಗಿದ್ದಕ್ಕೆ ನನಗಿಂತ ಹೆಚ್ಚು ಗಾಬರಿಗೊಂಡು ಹಾರಿತು.

ಊಟಕ್ಕೆ ಕೂತಾಗ ಮಾರ್ಸೆಲ್ ಕೇಳಿದ, "ನಿಮ್ಮೂರಲ್ಲಿ ಈ ಇರುವೆಗೆ ಏನು ಮಾಡ್ತೀರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಊಟ ಹಾಕ್ತೀವಿ" ಎಂದೆ. ಬೆಳಗ್ಗೆ ಬಾಗಿಲಿಗೆ ಅಕ್ಕಿಹಿಟ್ಟಿನ ರಂಗೋಲಿ ಹಾಕುವುದನ್ನೂ, ಇರುವೆ ತಿಂದರೆ ಪುಣ್ಯ ಎನ್ನುವುದನ್ನೂ ನನ್ನ ಹರಕು ಇಂಗ್ಲಿಷಿನಲ್ಲಿ ವಿವರಿಸಿದೆ.

ಅವನು ತಿನ್ನುವುದನ್ನು ನಿಲ್ಲಿಸಿದ. "ದಿನಾನೂ?"

"ದಿನಾನೂ."

"ಯಾರೂ ತಡೆಯಲ್ವಾ?"

"ಅಂದವಾಗಿ ಹಾಕಿದ್ರೆ ಹೊಗಳ್ತಾರೆ."

ಅವನು ನನ್ನ ಡಬ್ಬದ ಮುಚ್ಚಳವನ್ನು ತಾನೇ ಭದ್ರವಾಗಿ ಹಾಕಿದ.

ಜಗಲಿಯ ಮೇಜು

ಮಣ್ಣು ಹಸಿಯಾಗಿತ್ತು. ಹಸಿ ಮಣ್ಣನ್ನು ಜರಡಿ ಹಿಡಿಯಲಾಗುವುದಿಲ್ಲ. ಒಂದು ದಿನ ತಟ್ಟೆಗಳಲ್ಲಿ ಹರಡಿ ಸ್ವಲ್ಪ ಆರಿಸಬೇಕು. ಆಮೇಲೆ ಜರಡಿ ಹಿಡಿದು, ಒಂದು ಪಾಲನ್ನು ನಮ್ಮ ಪ್ಲೇಟುಗಳಿಗೆ, ಇನ್ನೊಂದು ಪಾಲನ್ನು ಊರಿಗೆ ಒಯ್ದು ಡಿಎನ್‌ಎ ತೆಗೆಯಲು ಅಂತೊನೆಟ್ಟಳ ಫ್ರೀಜರಿಗೆ, ಮೀನಿನ ಪಕ್ಕಕ್ಕೆ. ಜಗಲಿಯ ಮೇಜಿನ ಮೇಲೆ ಎಡಕ್ಕೆ ಇರುವೆ ಇರುವ ಮಣ್ಣಿನ ನಾಲ್ಕು ತಟ್ಟೆ, ಬಲಕ್ಕೆ ಇರುವೆ ಇಲ್ಲದ ಮಣ್ಣಿನ ನಾಲ್ಕು ತಟ್ಟೆ ಇಟ್ಟೆವು.

ಫರ್ಹಾನಾ ಮಾರ್ಸೆಲ್ ಜೊತೆ ಅರಣ್ಯ ಕಚೇರಿಗೆ ಸಹಿ ಹಾಕಲು ಹೋದಳು. ಮಣ್ಣು ಕಾಯುವ ಕೆಲಸ ನನ್ನದು.

ಮಧ್ಯಾಹ್ನ ನೋಡುತ್ತೇನೆ, ಮೇಜಿನ ಕಾಲಿನ ಮೇಲೆ ಇರುವೆ ಸಾಲು. ಮನೆಯ ಸಣ್ಣ ಇರುವೆಯೋ, ಆ ಹುಚ್ಚಿರುವೆಯೋ, ಕನ್ನಡಕ ಹಾಕಿಕೊಂಡರೂ ತಿಳಿಯಲಿಲ್ಲ. ಸಾಲು ಹೊರಟಿದ್ದು ಬಲಗಡೆಗೆ. ಇರುವೆ ಇಲ್ಲದ ಮಣ್ಣಿಗೆ ಇರುವೆ ಹತ್ತಿದರೆ ಇನ್ನೇನು ಉಳಿಯಿತು?

ಮೇಜಿನ ನಾಲ್ಕು ಕಾಲಿಗೆ ನೀರಿನ ಬಟ್ಟಲು ಇಟ್ಟೆ. ಮನೆಯಲ್ಲಿ ಸಕ್ಕರೆ ಡಬ್ಬಕ್ಕೆ ಮಾಡುವುದೇ ಅದು. ಅಂತೊನೆಟ್ ಬಂದು, ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ, ಡೆಂಗಿ ಬರುತ್ತದೆ, ನನ್ನ ಮನೆಯಲ್ಲಿ ಇದು ನಡೆಯದು ಎಂದು ನಾಲ್ಕೂ ಬಟ್ಟಲನ್ನು ಗಿಡಕ್ಕೆ ಸುರಿದಳು. ಡೆಂಗಿ ಎಂದ ಮೇಲೆ ನಾನು ವಾದಿಸುವವಳಲ್ಲ.

ಆಗ ನನ್ನ ಅಮ್ಮ, ಅಜ್ಜಿ, ಹಲಸೂರಿನ ನಮ್ಮ ಇಡೀ ಬೀದಿ ಏನು ಮಾಡುತ್ತಿತ್ತೋ ಅದನ್ನೇ ಮಾಡಿದೆ. ಅರಿಶಿನದ ಪೊಟ್ಟಣ ತಂದು ಬಲಗಡೆಯ ನಾಲ್ಕು ತಟ್ಟೆಗಳ ಸುತ್ತ ಒಂದೊಂದು ಗೆರೆ ಎಳೆದೆ. ಎಡಗಡೆಯವಕ್ಕೆ ಎಳೆಯಲಿಲ್ಲ. ಅದು ಹೇಗೂ ಇರುವೆಯ ಮಣ್ಣೇ, ಇನ್ನೆರಡು ಬಂದರೆ ಏನಾಯಿತು ಎನ್ನುವುದು ನನ್ನ ತರ್ಕ. ಇರುವೆಗಳು ಗೆರೆಯ ತನಕ ಬಂದು, ಮೀಸೆ ಆಡಿಸಿ, ವಾಪಸು ಹೋದವು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಸಮುದ್ರದ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತಿತ್ತು. ಹಿತವಾಗಿತ್ತು.

ಮರುದಿನ ಬೆಳಗ್ಗೆ ಆ ತಟ್ಟೆಗಳ ಅಂಚಿನ ಒಳಬದಿಯಲ್ಲಿ ಒಂದಿಷ್ಟು ಹಳದಿ ಕಂಡಿತು. ಹೆಬ್ಬೆರಳಿನಿಂದ ಒರೆಸಿ ಸೆರಗಿಗೆ ಸವರಿಕೊಂಡೆ. ಫರ್ಹಾನಾ ಏಳುವ ಮುಂಚೆ ಗೆರೆಗಳನ್ನೂ ಗುಡಿಸಿದೆ. ಮುಚ್ಚಿಡಬೇಕೆಂದಲ್ಲ, ಮೇಜು ಕ್ಲೀನಾಗಿರಲೆಂದು. ಆಮೇಲೆ ಇಬ್ಬರೂ ಜರಡಿ ಹಿಡಿದು ಪ್ಲೇಟ್ ಹಾಕಿದೆವು.

ಫರ್ಹಾನಾಳ ಸಂಭ್ರಮ

ಎರಡು ದಿನದ ಮೇಲೆ ಪ್ಲೇಟುಗಳ ಡಬ್ಬ ತೆಗೆದೆವು. ಇರುವೆಯ ಮಣ್ಣಿನ ಪ್ಲೇಟುಗಳು ಚುಕ್ಕಿಗಳಿಂದ ತುಂಬಿ ತುಳುಕುತ್ತಿದ್ದವು. ಇರುವೆ ಇಲ್ಲದ ಮಣ್ಣಿನವು ಹೆಚ್ಚುಕಡಿಮೆ ಬೋಳು.

"ಯಾ ಅಲ್ಲಾ!" ಎಂದು ಫರ್ಹಾನಾ ನನ್ನನ್ನು ತಬ್ಬಿಕೊಂಡಳು. "ನೋಡಿ ಮೇಡಂ, ಎಷ್ಟು ಡಿಫರೆನ್ಸು! ಇರುವೆ ಬಂದ ಕಡೆ ಬ್ಯಾಕ್ಟೀರಿಯಾ ತುಂಬ್ಕೊಂಡಿದೆ. ಇಷ್ಟು ಕ್ಲಿಯರ್ ಆಗಿ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು!"

ಫೋಟೊ ತೆಗೆದು ಬೆಂಗಳೂರಿನಲ್ಲಿರುವ ತನ್ನ ಮಾರ್ಗದರ್ಶಕರಿಗೆ ಕಳಿಸಿದಳು. ಅವರಿಂದ ಅರ್ಧ ಗಂಟೆಯಲ್ಲಿ ಉತ್ತರ ಬಂತು: ಬಹಳ ಚೆನ್ನಾಗಿದೆ, ಮುಂದಿನ ತಿಂಗಳ ಸಭೆಯಲ್ಲಿ ಇದನ್ನೇ ತೋರಿಸು. ಶಿವಾಜಿನಗರಕ್ಕೂ ಫೋನ್ ಹೋಯಿತು. "ಅಮ್ಮೀ, ಹೋಗಯಾ, ಕಾಮ್ ಹೋಗಯಾ!" ಎಂದು, ಕೆಲಸ ಆದ ಖುಷಿಗೆ, ಅವಳು ಕೂಗುತ್ತಿದ್ದರೆ ನಾನು ಆ ಬೋಳು ಪ್ಲೇಟುಗಳನ್ನು ನೋಡುತ್ತ ನಿಂತಿದ್ದೆ.

ಮಣ್ಣು ಎಲ್ಲಾದರೂ ಇಷ್ಟು ಬೋಳಾಗಿರುತ್ತದೆಯೇ? ಹಕ್ಕಿ, ಹಲ್ಲಿ, ಹುಳ ಕಿಕ್ಕಿರಿದಿದ್ದ ಆ ಕಾಡಿನ ಮಣ್ಣು? ಗಾಯಕ್ಕೆ ಅರಿಶಿನ ಹಚ್ಚುವುದು ಯಾಕೆ ಎಂದು ನನಗೆ ಗೊತ್ತಿಲ್ಲವೇ? ಅದು ಕೀವು ಆಗದಂತೆ ತಡೆಯುತ್ತದೆ, ಅಂದರೆ ಬ್ಯಾಕ್ಟೀರಿಯಾ ತಡೆಯುತ್ತದೆ. ಇಪ್ಪತ್ತಾರು ವರ್ಷ ಬ್ಯಾಕ್ಟೀರಿಯಾ ಸಾಕಿದವಳು ಅವುಗಳ ಸುತ್ತ ಔಷಧಿಯ ಗೆರೆ ಎಳೆದು ಕೂತಿದ್ದೆ.

ಅಥವಾ ಹಾಗಲ್ಲವೋ? ಗಾಳಿಗೆ ಹಾರಿ ಬಿದ್ದದ್ದು ಎಷ್ಟು ಮಹಾ? ನಿಜವಾಗಿಯೂ ಇರುವೆಯದೇ ಕೆಲಸವಿದ್ದರೆ? ಸುಮ್ಮನೆ ಬಾಯಿಬಿಟ್ಟು ಹುಡುಗಿಯ ಬದುಕು ಹಾಳು ಮಾಡಿದಂತಾಗುವುದಿಲ್ಲವೇ? ಬಾಯಿಬಿಡದಿದ್ದರೆ ಇನ್ನೂ ಹಾಳಲ್ಲವೇ? ಚಿಂತೆ ಮಾಡುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ. ಆದರೆ ಸಾಮಾನ್ಯವಾಗಿ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂಬಂಥ ವಿಷಯಕ್ಕೆ. ನಿಜವಾದ ವಿಷಯ ಸಿಕ್ಕಾಗ ಅಭ್ಯಾಸ ಏನೂ ಕೆಲಸಕ್ಕೆ ಬರಲಿಲ್ಲ.

ಗುಟ್ಟಾಗಿ ಒಂದು ಪರೀಕ್ಷೆ ಮಾಡಿದೆ. ಅಂತೊನೆಟ್ಟಳ ಹಿತ್ತಲಿನ ಮಣ್ಣು ತೆಗೆದು ಎರಡು ಪ್ಲೇಟ್ ಹಾಕಿದೆ, ಒಂದಕ್ಕೆ ಅರಿಶಿನ ಬೆರೆಸಿ, ಒಂದಕ್ಕೆ ಬೆರೆಸದೆ. ನನ್ನ ಹಾಸಿಗೆ ಕೆಳಗೆ ಬಚ್ಚಿಟ್ಟೆ. ಎರಡು ದಿನ ಫರ್ಹಾನಾ ಹಾಡಿಕೊಂಡು ಓಡಾಡಿದಳು. ನನಗೆ ಊಟ ಸೇರಲಿಲ್ಲ. ಅಂತೊನೆಟ್ ಮಾಡಿಕೊಟ್ಟ, ಹಲಸಿನ ಜಾತಿಯ ಜೀಗುಜ್ಜೆಯ ಚಿಪ್ಸನ್ನೂ ಬಿಟ್ಟೆ, ಅದು ನಮ್ಮ ಬಾಳೆಕಾಯಿ ಚಿಪ್ಸಿಗಿಂತ ರುಚಿ ಎಂದು ಗೊತ್ತಿದ್ದರೂ.

ಎರಡು ದಿನದ ಮೇಲೆ ಹಾಸಿಗೆ ಕೆಳಗಿಂದ ತೆಗೆದು ನೋಡಿದೆ. ಅರಿಶಿನದ ಪ್ಲೇಟಿನಲ್ಲಿ ಚುಕ್ಕಿ ಕಡಿಮೆ ಇದ್ದವು. ಆದರೆ ಎಲ್ಲಿಂದಲೋ ಬೂಷ್ಟು ಬಂದು ಅದರ ಅರ್ಧ ಭಾಗವನ್ನು ಮುಚ್ಚಿತ್ತು. ಅರಿಶಿನ ಕೊಂದಿತೋ, ಬೂಷ್ಟು ನುಂಗಿತೋ, ನಾನೇ ಸರಿಯಾಗಿ ಸವರಲಿಲ್ಲವೋ. ದೇವರು ಕೂಡ ನನಗೆ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ಹೇಳಿದೆ

ಬೆಳಗಿನ ಚಹಾ ಹೊತ್ತಿಗೆ ಆ ಎರಡು ಪ್ಲೇಟುಗಳನ್ನು ಅವಳ ಮುಂದೆ ಇಟ್ಟೆ. ಗಾಳಿ, ಬಟ್ಟಲು, ಡೆಂಗಿ, ಗೆರೆ, ಸೆರಗು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಅವಳು ಅರಿಶಿನದ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದಳು.

"ಬಲಗಡೆ ತಟ್ಟೆಗಳಿಗೆ ಮಾತ್ರನಾ?"

"ಹೂಂ."

"ಗಾಳಿ ಬರೋ ಕಡೆ?"

"ಹೂಂ ಕಣಮ್ಮ."

"ಒಂದು ಧೂಳು ಬಿದ್ರೆ ಪ್ಲೇಟ್ ಬಿಸಾಕ್ಸೋರು ನೀವು!" ಅವಳ ದನಿ ಏರಿತು. "ಸೆಕೆಂಡ್ ಇಯರಲ್ಲಿ ನಾನು ಮುಚ್ಚಳ ತೆಗ್ದು ಮಾತಾಡ್ದೆ ಅಂತ ಇಡೀ ಬ್ಯಾಚ್ ಮುಂದೆ ಬೈದ್ರಿ. ನೆನಪಿದ್ಯಾ? ಆವತ್ತು ಲೇಡೀಸ್ ರೂಮಲ್ಲಿ ಅತ್ತಿದ್ದೆ ನಾನು. ಈಗ ನೀವು ಅರಿಶಿನ ಹಾಕಿದ್ದೀರಾ? ಮಣ್ಣೇನು ಹುಳಿ ಸಾರಾ?"

ನಾನು ಪ್ಲೇಟಿನ ಮುಚ್ಚಳ ಸರಿಪಡಿಸಿದೆ.

"ಫ್ರೀಜರಲ್ಲಿರೋದೂ ಅದೇ ಮಣ್ಣು. ಅದೂ ಹೋಯ್ತು. ಸರ್‌ಗೆ ಫೋಟೊ ಬೇರೆ ಕಳ್ಸಿದೀನಿ." ಅವಳು ಮುಖ ಮುಚ್ಚಿಕೊಂಡಳು. ಬೆರಳ ಸಂದಿನಿಂದ ಕೇಳಿದಳು, "ಎರಡು ದಿನ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಖುಷಿಯಾಗಿದ್ದೆ."

"ಅದಕ್ಕೇ ಇನ್ನೂ ಬೇಗ ಹೇಳ್ಬೇಕಿತ್ತು ಮೇಡಂ."

ಅದು ಸರಿ. ಅವಳು ಎದ್ದು ಸಮುದ್ರದ ಕಡೆ ನಡೆದು ಹೋದಳು. ನಾನು ಜಗಲಿಯಲ್ಲೇ ಕೂತೆ. ಅಂತೊನೆಟ್ ಬಂದು ಏನಾಯಿತೆಂದು ಕೇಳಲಿಲ್ಲ. ಚಹಾದ ಲೋಟ ಬದಲಾಯಿಸಿ, ಪಕ್ಕದಲ್ಲಿ ಕೂತು ಬಟಾಣಿ ಸುಲಿಯತೊಡಗಿದಳು. ನಾನೂ ಸುಲಿದೆ.

ಮಣ್ಣು ಬೇಯಿಸಿದ್ದು

ಉಳಿದಿದ್ದದ್ದು ನಾಲ್ಕೇ ದಿನ. ಅನುಮತಿ ಪತ್ರದಲ್ಲಿ ಎಷ್ಟು ಚೀಲ ಮಣ್ಣು ಎಂದು ಬರೆದಿತ್ತೋ ಅಷ್ಟನ್ನೂ ಆಗಲೇ ತೆಗೆದಿದ್ದೆವು. ಮಾರ್ಸೆಲ್ ಬಂದಾಗ ಫರ್ಹಾನಾ ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ. ಕುಣಿಯುತ್ತ ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

"ಅರಿಶಿನದ ಗೆರೆ ಇರುವೆ ದಾಟಲ್ವಾ?"

"ದಾಟಲ್ಲ."

"ನನ್ನ ಹೆಂಡತಿಗೆ ಹೇಳ್ಬೇಕು" ಎಂದು ಅವನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಮೇಲಧಿಕಾರಿಗೆ ಫೋನ್ ಮಾಡಿ ಬಹಳ ಹೊತ್ತು ಕ್ರಿಯೋಲ್ ಭಾಷೆಯಲ್ಲಿ ಮಾತಾಡಿದ. ಮಾತಿನ ನಡುವೆ ಎರಡು ಸಲ ನನ್ನ ಕಡೆ ತಿರುಗಿ ನೋಡಿದ. ತೀರ್ಮಾನ ಇಷ್ಟು: ಕೆಟ್ಟ ಚೀಲಗಳ ಮಣ್ಣನ್ನು ಅವನ ಕಣ್ಣ ಮುಂದೆ ನಾಶ ಮಾಡಿದರೆ, ಅಷ್ಟೇ ತೂಕ ಮತ್ತೆ ತೆಗೆಯಬಹುದು. ಕಾಡಿಗೆ ವಾಪಸು ಸುರಿಯುವಂತಿಲ್ಲ. ಬೇಯಿಸಬೇಕು.

ಬೇಯಿಸುವುದು ಎಲ್ಲಿ? ಅಂತೊನೆಟ್ಟಳ ಓವನ್‌ನಲ್ಲಿ. ಅವಳು ಮೊದಲು ಒಪ್ಪಲಿಲ್ಲ. ಭಾನುವಾರಕ್ಕೆ ಕೇಕ್ ಇತ್ತು. ಕೊನೆಗೆ ಒಂದು ಷರತ್ತು ಹಾಕಿದಳು: ಓವನ್ ತೊಳೆಯುವವಳು ನಾನು. ತೊಳೆಯುವುದರಲ್ಲಿ ನನ್ನ ಅನುಭವದ ಬಗ್ಗೆ ಅವಳಿಗೆ ಗೊತ್ತಿರಲಿಲ್ಲ.

ನಾಲ್ಕು ತಟ್ಟೆ ಮಣ್ಣು ಒಳಗೆ ಹೋಯಿತು. ಮಳೆ ಬಿದ್ದ ನೆಲದ ವಾಸನೆ ಮೊದಲು ಬಂತು, ಆಮೇಲೆ ಸುಟ್ಟ ವಾಸನೆ. ಪಕ್ಕದ ಮನೆಯಾಕೆ ಬೇಲಿಯ ಮೇಲೆ ಇಣುಕಿ ಏನು ಅಡುಗೆ ಎಂದು ಕೇಳಿದಳು. ಅಂತೊನೆಟ್ ನನ್ನನ್ನು ತೋರಿಸಿ, "ಇಂಡಿಯನ್" ಎಂದಷ್ಟೇ ಹೇಳಿದಳು. ಪಕ್ಕದಾಕೆಗೆ ಅಷ್ಟೇ ಸಾಕಾಯಿತು.

ಫರ್ಹಾನಾ ನಗಲಿಲ್ಲ. ಆದರೆ ಬೇಲಿಯ ಕಡೆ ಬೆನ್ನು ಮಾಡಿ ನಿಂತಿದ್ದ ಅವಳ ಭುಜ ಒಮ್ಮೆ ಅಲುಗಿತು.

ಮತ್ತೆ ಆಚೆ ಮಗ್ಗುಲು

ಎರಡನೆಯ ಸಲ ಬೆಟ್ಟ ಹತ್ತುವಾಗ ಮಳೆ. ಜಾರಿ ಎರಡು ಸಲ ಕೂತೆ. ಎಬ್ಬಿಸಲು ಫರ್ಹಾನಾ ಕೈ ಕೊಟ್ಟಳು, ಮಾತು ಕೊಡಲಿಲ್ಲ. ಮಾರ್ಸೆಲ್ ಬೂಟು ಉಜ್ಜಿದ, ಚೀಲ ಕೊಡವಿದ, ನಂತರ ನನ್ನ ಕಡೆ ತಿರುಗಿ ಬಹಳ ಸಭ್ಯವಾಗಿ ಕೇಳಿದ, "ಮೇಡಂ, ಮಸಾಲೆ ಏನಾದರೂ?"

ಮೊದಲು ತೆಗೆದಿದ್ದ ಜಾಗಗಳ ಪಕ್ಕದಲ್ಲೇ ಹೊಸ ಮಣ್ಣು ತೆಗೆದೆವು. ಈ ಸಲ ತಟ್ಟೆಗಳು ಜಗಲಿಗೆ ಹೋಗಲಿಲ್ಲ. ನನ್ನ ಕೋಣೆಯ ಮಂಚದ ಮೇಲೆ, ಕಿಟಕಿ ಮುಚ್ಚಿ, ತೆಳು ಬಟ್ಟೆ ಹೊದಿಸಿ ಆರಿಸಿದೆವು. ನಾನು ನೆಲದ ಮೇಲೆ ಮಲಗಿದೆ. ಫ್ರೀಜರಿನಲ್ಲಿದ್ದ ಇರುವೆಯ ಮಣ್ಣಿನಿಂದಲೂ ಹೊಸದಾಗಿ ಪ್ಲೇಟ್ ಹಾಕೋಣ, ಎರಡೂ ಒಂದೇ ದಿನದ್ದಾಗಿರಲಿ ಎಂದಳು ಫರ್ಹಾನಾ. ಹಾಗಾದರೆ ಹೊಸ ಮಣ್ಣನ್ನೂ ಸ್ವಲ್ಪ ಹೊತ್ತು ಫ್ರೀಜರಿಗೆ ಹಾಕಿ ತೆಗೆಯೋಣ, ಇಲ್ಲದಿದ್ದರೆ ಅದೊಂದು ಬೇರೆ ವ್ಯತ್ಯಾಸ ಎಂದೆ. ಅವಳು ನನ್ನ ಮುಖ ನೋಡಿದಳು. ಮೂರು ದಿನದಲ್ಲಿ ಮೊದಲ ಸಲ ತಲೆಯಾಡಿಸಿದಳು.

ಕೊನೆಯ ಬೆಳಗ್ಗೆ

ದೋಣಿಗೆ ಎರಡು ಗಂಟೆ ಇತ್ತು. ಪೆಟ್ಟಿಗೆಗಳು ಬಾಗಿಲಲ್ಲಿ, ಎರಡೂ ಕಾಡಿನ ಮಣ್ಣು ಐಸ್ ಡಬ್ಬದಲ್ಲಿ, ಮಾರ್ಸೆಲ್ ಜಗಲಿಯ ಮೆಟ್ಟಿಲ ಮೇಲೆ. ಫರ್ಹಾನಾ ಪ್ಲೇಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಹೆಸರು ಬರೆದ ಜಾಗಕ್ಕೆಲ್ಲ ಟೇಪು ಅಂಟಿಸಿದ್ದಳು.

"ಮೇಡಂ, ನೀವ್ ಹೇಳಿ. ಇದ್ರಲ್ಲಿ ಯಾವ್ದು ಇರುವೆ ಮಣ್ಣು?"

ಮಾರ್ಸೆಲ್ ಯಾರೂ ಕೇಳದೆಯೇ ಎದ್ದು ಬಂದು ಒಂದು ಪ್ಲೇಟಿನ ಮೇಲೆ ಬೆರಳಿಟ್ಟ. "ಇದು. ನೋಡೋಕೇ ಕೆಟ್ಟದಾಗಿದೆ." ಫರ್ಹಾನಾ ಟೇಪು ಕಿತ್ತಳು. ಅದು ಅವನ ಪ್ರೀತಿಯ ಆಚೆ ಮಗ್ಗುಲಿನ ಮಣ್ಣು. ಅವನು ಪ್ಲೇಟಿನ ಮೇಲೇ ಮುನಿಸಿಕೊಂಡು ಮೆಟ್ಟಿಲಿಗೆ ಹಿಂತಿರುಗಿದ.

ಬೋಳು ಪ್ಲೇಟು ಒಂದೂ ಇರಲಿಲ್ಲ. ಎಲ್ಲದರಲ್ಲೂ ಚುಕ್ಕಿ ತುಂಬಿತ್ತು. ಬಿಳಿ, ಕೆನೆ, ತಿಳಿ ಕಿತ್ತಳೆ, ಸುಕ್ಕು ಸುಕ್ಕಾದದ್ದು. ಕೆಲವದರಲ್ಲಿ ಕಿತ್ತಳೆ ಸ್ವಲ್ಪ ಜಾಸ್ತಿ ಎನಿಸಿತು, ತಿರುಗಿ ನೋಡಿದರೆ ಹಾಗನ್ನಿಸಲಿಲ್ಲ. ಕನ್ನಡಕ ತೆಗೆದು ನೋಡಿದೆ, ಹಾಕಿ ನೋಡಿದೆ. ಅವಳಿಗೆ ಒಂದು ಉತ್ತರ ಕೊಡಬೇಕೆಂಬ ಆಸೆ ಎಷ್ಟಿತ್ತೆಂದರೆ ಊಹಿಸಿಯಾದರೂ ಹೇಳಿಬಿಡುತ್ತಿದ್ದೆ.

"ಗೊತ್ತಾಗ್ತಿಲ್ಲ ಕಣಮ್ಮ" ಎಂದೆ. "ನಿಜವಾಗ್ಲೂ ಗೊತ್ತಾಗ್ತಿಲ್ಲ."

"ನಂಗೂ" ಎಂದಳು. "ಎಣಿಕೆಯಲ್ಲಿ ಏನೂ ಇಲ್ಲ ಅನ್ಸುತ್ತೆ. ಜಾತಿಯಲ್ಲಿ ಇದ್ಯೋ ಏನೋ, ಅದು ಊರಲ್ಲಿ ಡಿಎನ್‌ಎ ತೆಗೆದ್ರೇನೇ ಗೊತ್ತಾಗೋದು. ಈಗ ಸರ್‌ಗೆ ಹೇಳ್ಬೇಕು."

ಫೋನ್ ಹಚ್ಚಿದಳು. "ಸರ್, ಮೊನ್ನೆ ಕಳ್ಸಿದ್ ಫೋಟೊ ತಪ್ಪು ಸರ್. ಸಭೆಯಲ್ಲಿ ತೋರ್ಸೋಕಾಗಲ್ಲ. ಸ್ಯಾಂಪಲ್ ಕಂಟಾಮಿನೇಟ್ ಆಗಿತ್ತು..." ಅಲ್ಲಿಗೆ ನಿಂತಳು. ಹೇಗಾಯಿತು ಎಂದು ಅವರು ಕೇಳಿರಬೇಕು. ಅವಳು ನನ್ನನ್ನು ನೋಡಿ, "ಅದು, ಜಗಲಿಯಲ್ಲಿ... ಗಾಳಿಗೆ ಸರ್..." ಎಂದು ತೊದಲತೊಡಗಿದಳು.

"ಕೊಡಿಲ್ಲಿ" ಎಂದು ಫೋನ್ ಕಿತ್ತುಕೊಂಡೆ. "ನಮಸ್ಕಾರ ಸರ್. ಲ್ಯಾಬ್ ವಿಜಯಾ ಮಾತಾಡ್ತಿರೋದು. ಅರಿಶಿನ ಹಾಕಿದ್ದು ನಾನು. ಹುಡುಗಿಗೆ ಗೊತ್ತೇ ಇರ್ಲಿಲ್ಲ."

ಅವರು ಕೇಳಿದರು, "ಎಷ್ಟು ಹಾಕಿದ್ರಿ?"

"ಒಂದೊಂದು ತಟ್ಟೆ ಸುತ್ತ ಒಂದೊಂದು ಚಿಟಿಕೆ ಸರ್."

"ಚಿಟಿಕೆ ಅಂದ್ರೆ ಎಷ್ಟು ಗ್ರಾಂ?"

ಮೂವತ್ತು ವರ್ಷ ಸಾರು ಮಾಡಿದ್ದೇನೆ. ಈ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. "ನೋಡಿ ಹೇಳ್ತೀನಿ ಸರ್" ಎಂದೆ.

ಫರ್ಹಾನಾ ಕಟ್ಟಿಟ್ಟಿದ್ದ ಪೆಟ್ಟಿಗೆ ಬಿಚ್ಚಿ ಮಣ್ಣು ತೂಗುವ ಪುಟ್ಟ ತಕ್ಕಡಿ ತೆಗೆದಳು. ಅಂತೊನೆಟ್ ಉಳಿದ ಅರಿಶಿನ ತಂದಿಟ್ಟಳು. ನಾನು ಹೆಬ್ಬೆರಳು ತೋರುಬೆರಳಿನಲ್ಲಿ ಚಿಟಿಕೆ ತೆಗೆದು ಹಾಕಿದೆ. ಅವಳು ಅಂಕಿ ಬರೆದಳು. ಇನ್ನೊಂದು ಸಲ ಹಾಕಿದೆ, ಬೇರೆ ಅಂಕಿ ಬಂತು. ಮೂರನೆಯ ಸಲ ಬಹಳ ಎಚ್ಚರದಿಂದ, ಉಸಿರು ಬಿಗಿಹಿಡಿದು ಹಾಕಿದೆ. ಅದು ಮೊದಲಿನ ಎರಡಕ್ಕಿಂತಲೂ ಬೇರೆ.

"ಮೂರನ್ನೂ ಕೂಡ್ಸಿ ಸರಾಸರಿ ಹಾಕ್ಬಿಡು" ಎಂದೆ.

"ಬೇಡ ಮೇಡಂ. ಮೂರೂ ಇರ್ಲಿ."

ಒಂದರ ಕೆಳಗೊಂದು ಮೂರೂ ಅಂಕಿ ಬರೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟಳು. ಹಳದಿಯಾದ ಬೆರಳನ್ನು ಸೆರಗಿಗೆ ಒರೆಸಲು ಹೋದವಳು ತಡೆದು, ಒದ್ದೆ ಬಟ್ಟೆ ಕೇಳಿ ಒರೆಸಿಕೊಂಡು, ಸಹಿ ಮಾಡಿದೆ.